‘ನಾವು’ ಅಂದರೆ ಯಾರು ಎಂದು ಕೇಳಿದ ಅಧ್ಯಕ್ಷರಿಗೆ

ಟೆನಿಸ್ ಒಕ್ಕೂಟದ ಆಯ್ಕೆ ಸಮಿತಿಯ ಅಧ್ಯಕ್ಷರೇ,

‘ಮಾನ್ಯರೇ’ ಎಂದು ಮೊದಲು ಬರೆದಿದ್ದೆ, ಆಮೇಲೆ ಹೊಡೆದು ಹಾಕಿದೆ. ಮಾನ್ಯತೆ ಕೊಡುವುದು, ಕಿತ್ತುಕೊಳ್ಳುವುದು ಎರಡೂ ನಿಮ್ಮ ಕಚೇರಿಯದೇ ಕೆಲಸವಾಗಿರುವಾಗ ನನ್ನದೂ ಒಂದು ಯಾಕೆ ಎನ್ನಿಸಿತು. ನೇರವಾಗಿ ವಿಷಯಕ್ಕೆ ಬರುತ್ತೇನೆ. ನಿಮ್ಮ ತರಬೇತಿ ಕೇಂದ್ರದಲ್ಲಿ ಡಬಲ್ಸ್ ಆಟ ಕಲಿಸಲು ಒಬ್ಬರು ಬೇಕೆಂದು ನೀವೇ ಪ್ರಕಟಣೆ ಕೊಟ್ಟಿರಿ. ಬುದ್ಧಿ ಬಂದಾಗಿನಿಂದ ಡಬಲ್ಸ್ ಒಂದನ್ನೇ ಆಡಿದ ನಮ್ಮ ಹುಡುಗಿ ಬಂದು ನಿಮ್ಮೆದುರು ನಿಂತಳು. ಅವಳಿಗೆ ಒಬ್ಬಳೇ ಆಡಲು ಬರುವುದಿಲ್ಲ ಎಂಬ ಕಾರಣ ಕೊಟ್ಟು ನೀವು ಅವಳನ್ನು ಮನೆಗೆ ಕಳಿಸಿದಿರಿ. ಈ ಮಾತನ್ನು ದಯವಿಟ್ಟು ಇನ್ನೊಮ್ಮೆ ಓದಿಕೊಳ್ಳಿ. ಓದುವಾಗ ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಳ್ಳಿ, ಅರ್ಥವಾಗದಿದ್ದರೆ ಅವರಾದರೂ ಹೇಳಿಯಾರು. ಈಜು ಕಲಿಸುವವರು ಬೇಕೆಂದು ಕರೆದು, ಬಂದವರನ್ನು ಮೈದಾನದಲ್ಲಿ ಓಡಿಸಿ, ‘ಇವರಿಗೆ ಒಣನೆಲದಲ್ಲಿ ದಮ್ಮು ಸಾಲದು’ ಎಂದು ಷರಾ ಬರೆದ ಹಾಗಾಯಿತು.

ನಾನು ಈವರೆಗೆ ಕಾಗದ ಬರೆದದ್ದು ನಂಟರಿಗೆ ಮಾತ್ರ. ತಂಗಿಯರಿಗೆ, ಸೊಸೆಯಂದಿರಿಗೆ, ಮುನಿಸಿಕೊಂಡು ಮಾತು ಬಿಟ್ಟ ಭಾವಮೈದುನನಿಗೆ. ಆ ಕಾಗದಗಳಲ್ಲಿ ಎಷ್ಟು ಬೈದರೂ ಕೊನೆಗೆ ‘ಆರೋಗ್ಯ ನೋಡಿಕೋ’ ಎಂದು ಬರೆಯುತ್ತಿದ್ದೆ. ನಿಮ್ಮ ಆರೋಗ್ಯದ ವಿಚಾರದಲ್ಲಿ ನನಗೆ ಅಷ್ಟೇನೂ ಆತುರವಿಲ್ಲ. ಹಾಗಾಗಿ ಈ ಕಾಗದ ಸ್ವಲ್ಪ ಒರಟಾಗಿದ್ದರೆ ಅದು ಅಭ್ಯಾಸ ತಪ್ಪಿದ್ದರಿಂದಲ್ಲ, ಬೇಕೆಂದೇ.

ಹುಡುಗಿ ಎಂದರೆ ನೀವು ನಗಬಹುದು. ಅವಳ ನೆತ್ತಿಯಲ್ಲಿ ಈಗ ನಾಲ್ಕು ಬಿಳಿ ಕೂದಲಿವೆ. ಅವಳು ನನ್ನ ತಂಗಿಯ ಮಗಳು. ಅವಳು ಚಿಕ್ಕವಳಿದ್ದಾಗ ತಂಗಿ ಆಸ್ಪತ್ರೆಯಲ್ಲಿ ನರ್ಸು, ನಾನು ಅದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಶಾಲೆ ಬಿಟ್ಟ ಕೂಡಲೇ ಮಗು ಚೀಲ ಎಳೆದುಕೊಂಡು ನನ್ನ ಹತ್ತಿರ ಬರುತ್ತಿತ್ತು. ನೆಲಮಾಳಿಗೆಯಲ್ಲಿ ಯಂತ್ರಗಳ ಗದ್ದಲ, ಹಬೆ, ಸೋಪಿನ ಘಾಟು. ಕಿಟಕಿಗಳು ಹೊರಗಿನ ನೆಲದ ಮಟ್ಟಕ್ಕೆ ಇದ್ದವು, ಓಡಾಡುವವರ ಚಪ್ಪಲಿ ಮಾತ್ರ ಕಾಣುತ್ತಿದ್ದವು. ಹಾಸಿಗೆಯ ಬಟ್ಟೆ ಮಡಿಸುವಾಗ ಎದುರು ಹಿಡಿಯಲು ನನಗೊಬ್ಬರು ಬೇಕು. ಅವಳೇ ನಿಲ್ಲುತ್ತಿದ್ದಳು. ಎರಡು ತುದಿ ಅವಳ ಕೈಯಲ್ಲಿ, ಎರಡು ತುದಿ ನನ್ನ ಕೈಯಲ್ಲಿ. ನಾನು ಮುಂದೆ ಬಂದರೆ ಅವಳೂ ಬರಬೇಕು, ನಾನು ಜಗ್ಗಿದರೆ ಅವಳೂ ಜಗ್ಗಬೇಕು. ಮೊದಮೊದಲು ‘ಈಗ ಬಾ’, ‘ಈಗ ತಿರುಗು’ ಎಂದು ಹೇಳಿಕೊಡುತ್ತಿದ್ದೆ. ಒಂದು ದಿನ, ‘ದೊಡ್ಡಮ್ಮ, ಹೇಳ್ಬೇಡಿ. ನಿಮ್ಮ ಭುಜ ಮೊದ್ಲೇ ಹೇಳ್ಬಿಡತ್ತೆ’ ಎಂದಳು. ನನ್ನ ಭುಜಕ್ಕೆ ಅಂಥದೊಂದು ಬಾಯಿ ಇರುವುದು ನನಗೆ ಗೊತ್ತಾದದ್ದು ಅವತ್ತೇ.

ಆಸ್ಪತ್ರೆಯ ಹಿಂದುಗಡೆ ಡಾಕ್ಟರುಗಳು ಆಡಲೆಂದು ಒಂದು ಟೆನಿಸ್ ಅಂಕಣವಿತ್ತು. ಆಟಕ್ಕೆ ನಾಲ್ವರು ಬೇಕು, ಸಂಜೆ ಸೇರುತ್ತಿದ್ದವರು ಮೂವರೇ. ನಾಲ್ಕನೆಯವರು ಯಾವಾಗ ನೋಡಿದರೂ ಆಪರೇಷನ್ನಿನಲ್ಲಿ. ಒಂದು ಸಂಜೆ ಮೂಳೆ ಡಾಕ್ಟರು ನಮ್ಮ ಕಿಟಕಿಗೆ ಬಗ್ಗಿ ಕೂಗಿದರು.

‘ಏನಮ್ಮಾ, ಕೈಕಾಲು ನೆಟ್ಟಗಿರೋರು ಯಾರಾದ್ರೂ ಇದಾರಾ ಅಲ್ಲಿ? ಸುಮ್ನೆ ನಿಂತ್ಕೊಂಡ್ರೆ ಸಾಕು.’

‘ಇದೊಂದು ಗುಂಡಿ ಇದೆ ನೋಡಿ, ಕರ್ಕೊಂಡು ಹೋಗಿ,’ ಎಂದೆ. ಅಂಗಿಯ ಗುಂಡಿಯ ಹಾಗೆ ಗುಂಡಗಿದ್ದಳೆಂದು ಮನೆಯಲ್ಲಿ ಅವಳನ್ನು ಕರೆಯುತ್ತಿದ್ದುದೇ ಹಾಗೆ.

‘ಗುಂಡಿ, ಕೇಳಿಲ್ಲಿ. ನಿನ್ನ ಮೂಗಿಗೇ ಬಂದ್ರೆ ಹೊಡಿ. ಮಿಕ್ಕಿದ್ದೆಲ್ಲ ನಂದು’ ಎಂದು ಡಾಕ್ಟರು ಅವಳಿಗೊಂದು ಬ್ಯಾಟು ಕೊಟ್ಟರು. ನೀವು ಅದನ್ನು ಬೇರೇನೋ ಅನ್ನುತ್ತೀರಿ, ನಮ್ಮಲ್ಲಿ ಅದು ಬ್ಯಾಟೇ. ಆ ಬೇಸಿಗೆ ಮುಗಿಯುವಷ್ಟರಲ್ಲಿ ಕಿಟಕಿಯಿಂದ ನನಗೆ ಕೇಳಿಸುತ್ತಿದ್ದ ಕೂಗೇ ಬೇರೆ. ‘ಡಾಕ್ಟ್ರೇ, ಬಿಡಿ ಬಿಡಿ, ನಂದು! ನಿಮಗಾಗಲ್ಲ!’ ಮೂಳೆ ಡಾಕ್ಟರು ಸೊಂಟ ಹಿಡಿದುಕೊಂಡು ನಗುತ್ತಿದ್ದರು. ನಾಲ್ಕನೆಯವರಾಗಬೇಕಿದ್ದ ಡಾಕ್ಟರು ಆಪರೇಷನ್ ಬೇಗ ಮುಗಿಸಿ ಬಂದರೂ ಈಗ ಅವರಿಗೆ ಜಾಗವಿರುತ್ತಿರಲಿಲ್ಲ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಅವಳು ಒಂಟಿ ಆಟದಲ್ಲಿ ಸೋತು, ಬೇರೆ ದಾರಿಯಿಲ್ಲದೆ ಜೋಡಿ ಆಟಕ್ಕೆ ಬಂದವಳಲ್ಲ. ನಿಮ್ಮ ಸಮಿತಿ ಎಲ್ಲರನ್ನೂ ಹಾಗೆಯೇ ಎಂದುಕೊಂಡಿದೆ. ನಿಮ್ಮ ಲೆಕ್ಕದಲ್ಲಿ ಡಬಲ್ಸ್ ಎಂದರೆ ಸಿಂಗಲ್ಸಿನಲ್ಲಿ ಉಳಿಯಲಾರದವರಿಗೆ ಕೊಡುವ ಸಮಾಧಾನದ ಊಟ. ಅವಳಿಗೆ ಅದು ಮೊದಲ ಊಟ. ಅಂಕಣದ ಎಡಭಾಗ ಅವಳದು, ಬಲಭಾಗದಲ್ಲಿ ಇನ್ನೊಬ್ಬರು ಉಸಿರಾಡುತ್ತಿರಬೇಕು. ಅವಳು ಆಟ ಕಲಿತದ್ದೇ ಹಾಗೆ.

ದೂರದ ಪಂದ್ಯಗಳಿಗೆ ಹೋಗತೊಡಗಿದ ಮೇಲೆ ಅವಳಿಗೊಬ್ಬ ಜೊತೆಗಾತಿ ಸಿಕ್ಕಳು. ಬಾಗಿಲಿನಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾಗದಷ್ಟು ಉದ್ದ. ನಾವು ಏಣಿ ಎಂದು ಹೆಸರಿಟ್ಟೆವು. ಅವಳೇನೂ ಬೇಜಾರು ಮಾಡಿಕೊಳ್ಳಲಿಲ್ಲ, ಫೋನಿನಲ್ಲಿ ‘ದೊಡ್ಡಮ್ಮಾ, ನಾನು, ಏಣಿ’ ಎಂದೇ ಶುರು ಮಾಡುತ್ತಿದ್ದಳು. ಎದುರಾಳಿಗಳು ಈ ಜೋಡಿಯನ್ನು ಕಂಡರೆ ಒಂದು ಮಾತು ಆಡಿಕೊಳ್ಳುತ್ತಿದ್ದರಂತೆ: ‘ಮೇಲೆ ಹೊಡೆದ್ರೆ ಏಣಿ, ಕೆಳಗೆ ಹೊಡೆದ್ರೆ ಗುಂಡಿ. ಎಲ್ಲಿಗೆ ಹೊಡೆಯೋದು ಮಾರಾಯ್ತಿ?’ ಹತ್ತು ಹದಿನೈದು ವರ್ಷ ಹೀಗೆ ಇಬ್ಬರೂ ಊರೂರು ತಿರುಗಿದರು. ಒಂದೇ ಕೋಣೆ, ಒಂದೇ ಇಸ್ತ್ರಿ ಪೆಟ್ಟಿಗೆ, ಕಿಟಕಿಯ ಸರಳಿಗೆ ಒಣಹಾಕಿದ ಇಬ್ಬರ ಕಾಲುಚೀಲ. ಏಣಿಗೆ ಫ್ಯಾನು ಬೇಕು, ಗುಂಡಿಗೆ ಫ್ಯಾನು ಆಗದು. ಫ್ಯಾನಿನ ಜಗಳ ಕೊನೆಯವರೆಗೂ ಬಗೆಹರಿಯಲಿಲ್ಲ. ಅಂಕಣದಲ್ಲಿ ಮಾತ್ರ ಜಗಳವಿಲ್ಲ.

ಪತ್ರಿಕೆಯವರು ಬರೆಯುವುದಿದ್ದರೆ ‘ಡಬಲ್ಸ್ ಸ್ಪೆಷಲಿಸ್ಟ್’ ಎಂದು ಬರೆಯುತ್ತಿದ್ದರು. ನಮ್ಮ ಆಸ್ಪತ್ರೆಯಲ್ಲಿ ಸ್ಪೆಷಲಿಸ್ಟ್ ಬಂದರೆ ಜನ ಎದ್ದು ನಿಲ್ಲುತ್ತಿದ್ದರು. ಟೆನಿಸಿನಲ್ಲಿ ಸ್ಪೆಷಲಿಸ್ಟ್ ಬಂದರೆ ಜನ ಎದ್ದು ಹೋಗುತ್ತಿದ್ದರು. ದೊಡ್ಡ ಅಂಕಣದಲ್ಲಿ ಸಿಂಗಲ್ಸ್ ಮುಗಿದು, ನೋಡುವವರು ಬಸ್ಸು ಹಿಡಿದ ಮೇಲೆ ಇವರ ಆಟ. ಇಲ್ಲವೇ ಎಲ್ಲಕ್ಕಿಂತ ಹಿಂದಿನ ಅಂಕಣ, ಪಕ್ಕದಲ್ಲಿ ಅಡುಗೆಮನೆಯ ಹೊಗೆ ಬಿಡುವ ಗೂಡು, ಎದುರಿನ ಬೆಂಚಿನಲ್ಲಿ ಕಾಲು ಚಾಚಿ ಮಲಗಿದ ಕಾವಲುಗಾರ. ನಾನೊಮ್ಮೆ ಹೋಗಿದ್ದೆ. ಬಲೆಯ ಹತ್ತಿರ ನಿಂತ ಏಣಿ ಬೆನ್ನ ಹಿಂದೆ ಬೆರಳು ತೋರಿಸುವುದನ್ನು ಆಗಲೇ ನೋಡಿದ್ದು. ಒಂದು ಬೆರಳೆಂದರೆ ನಾನು ಇಲ್ಲೇ ಇರುತ್ತೇನೆ. ಎರಡೆಂದರೆ ನಾನು ಅಡ್ಡ ನುಗ್ಗುತ್ತೇನೆ, ನನ್ನ ಜಾಗ ಖಾಲಿಯಾಗುತ್ತದೆ, ನೀನು ನೋಡಿಕೋ. ಹೀಗೆಂದು ಅವಳು ತಿರುಗಿಯೂ ನೋಡದೆ ನುಗ್ಗುತ್ತಾಳೆ. ಗುಂಡಿ ಆ ಖಾಲಿಗೆ ಮೊದಲೇ ಹೋಗಿ ನಿಂತಿರುತ್ತಾಳೆ. ಚೆಂಡು ಅಲ್ಲಿಗೆ ಬಾರದೆ ಹೋದರೆ ಅವಳು ಓಡಿದ್ದು ಯಾರಿಗೂ ಕಾಣುವುದಿಲ್ಲ. ಚೆಂಡು ಹೊಡೆದವಳು ಏಣಿ, ಚಪ್ಪಾಳೆ ಏಣಿಗೆ. ಬಾರದ ಚೆಂಡಿಗಾಗಿ ಓಡಿದವಳ ಹೆಸರು ಯಾವ ಪಟ್ಟಿಯಲ್ಲಿ ಬರೆಯುತ್ತೀರಿ, ಅಧ್ಯಕ್ಷರೇ? ಅವಳು ಅಲ್ಲಿ ನಿಂತಿರದಿದ್ದರೆ ಏಣಿ ನುಗ್ಗುತ್ತಲೇ ಇರಲಿಲ್ಲ ಎಂಬುದನ್ನು ನಿಮ್ಮ ಯಾವ ಅಂಕಣದಲ್ಲಿ ತುಂಬಿಸುತ್ತೀರಿ?

ಏಣಿಯ ಭುಜ ಹೋಯಿತು. ಎರಡು ಸಲ ಕೊಯ್ದರೂ ಸರಿಯಾಗಲಿಲ್ಲ, ಬಟ್ಟೆ ಒಣಹಾಕಲು ಕೈ ಎತ್ತಿದರೂ ಕಣ್ಣಲ್ಲಿ ನೀರು. ಅವಳು ಆಟ ಬಿಟ್ಟು ತನ್ನ ಊರಿನಲ್ಲಿ ಕನ್ನಡಕದ ಅಂಗಡಿ ಇಟ್ಟಳು. ಗುಂಡಿ ಆಮೇಲೂ ಆಡಿದಳು, ಸಿಕ್ಕವರ ಜೊತೆ. ಒಂದು ವಾರ ಒಬ್ಬಳು, ಇನ್ನೊಂದು ವಾರ ಇನ್ನೊಬ್ಬಳು. ಒಬ್ಬಳು ಒಂದು ಚೆಂಡು ತಪ್ಪಿದರೆ ಅಳುವವಳು, ಇನ್ನೊಬ್ಬಳು ಪಂದ್ಯ ಮುಗಿಯುವವರೆಗೂ ಬಾಯಿ ಬಿಡದವಳು. ಇಂಥವರ ಪಕ್ಕದಲ್ಲಿ ನಿಂತು, ಅವರಿಗೆ ಯಾವ ಚೆಂಡು ಇಷ್ಟ, ಯಾವುದು ಭಯ ಎಂದು ಎರಡೇ ದಿನದಲ್ಲಿ ತಿಳಿದುಕೊಂಡು, ಭಯದ ಚೆಂಡು ಅವರತ್ತ ಹೋಗದ ಹಾಗೆ ಆಡುವುದು ಅವಳ ಕೆಲಸವಾಯಿತು. ಅವಳ ಜೊತೆ ಆಡಿದವರು ವಾರದ ಕೊನೆಗೆ ‘ಈ ಸಲ ನಾನು ತುಂಬ ಚೆನ್ನಾಗಿ ಆಡಿದೆ ಅಲ್ವಾ?’ ಎನ್ನುತ್ತಿದ್ದರು. ಗುಂಡಿ ‘ಹೌದು ಕಣೇ’ ಎನ್ನುತ್ತಿದ್ದಳು. ಇದಕ್ಕೆ ಕಲಿಸುವುದು ಎನ್ನದೆ ನಿಮ್ಮ ಕಚೇರಿಯಲ್ಲಿ ಬೇರೇನಾದರೂ ಹೆಸರಿದೆಯೆ?

ಆ ಹಂಗಾಮಿ ಜೊತೆಗಾತಿಯರಲ್ಲಿ ಒಬ್ಬಳನ್ನು ನೀವು ಚೆನ್ನಾಗಿ ಬಲ್ಲಿರಿ. ಸಿಂಗಲ್ಸ್ ಚಾಂಪಿಯನ್, ಒಕ್ಕೂಟದ ಕಣ್ಮಣಿ. ಒಂದು ಪಂದ್ಯಾವಳಿಯಲ್ಲಿ ಅವಳು ಸಿಂಗಲ್ಸಿನ ಮೊದಲ ಸುತ್ತಿನಲ್ಲೇ ಸೋತು, ಗುಂಡಿಯ ಹತ್ತಿರ ಬಂದು, ‘ಅಕ್ಕಾ, ವಾಪಸ್ ಹೋಗೋ ಟಿಕೆಟ್ಟು ಭಾನುವಾರಕ್ಕಿದೆ. ಅಲ್ಲೀತನಕ ಸುಮ್ನೆ ಆಡೋಣ್ವಾ?’ ಎಂದಳಂತೆ. ಸುಮ್ಮನೆ ಆಡಿದ್ದು ಕಪ್ಪಿನವರೆಗೆ ಹೋಯಿತು. ಫೈನಲನ್ನು ನಾನು ಟಿವಿಯಲ್ಲಿ ನೋಡಿದೆ. ಬಲೆಯ ಹತ್ತಿರ ಮುಖಕ್ಕೆ ಚೆಂಡು ಬಂದಾಗಲೆಲ್ಲ ಚಾಂಪಿಯನ್ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಪ್ರತಿ ಚೆಂಡಿಗೂ ಮೊದಲು ಗುಂಡಿ ಅವಳ ಕಿವಿಯ ಹತ್ತಿರ ಏನೋ ಹೇಳುತ್ತಿದ್ದಳು. ಚಾಂಪಿಯನ್ನಳ ಮನೆಯ ಕಪಾಟಿನಲ್ಲಿ ಜೋಡಿ ಆಟದ್ದೆಂದು ಇರುವುದು ಅದೊಂದೇ ಕಪ್ಪು. ಈಗ ನೀವು ಡಬಲ್ಸ್ ಕಲಿಸಲು ನೇಮಿಸಿರುವುದು ಯಾರನ್ನು? ಅವಳನ್ನೇ. ಆ ಮಗುವಿನ ಮೇಲೆ ನನಗೇನೂ ಕೋಪವಿಲ್ಲ. ಕರೆದು ಕುರ್ಚಿ ಹಾಕಿದವರ ಮೇಲೆ ಇದೆ.

ಈಗ ನಿಮ್ಮ ಸಂದರ್ಶನದ ದಿನಕ್ಕೆ ಬರೋಣ. ಅವಳ ಜೊತೆ ನಾನೂ ಬಂದಿದ್ದೆ. ನಿಮ್ಮ ಕಚೇರಿಯ ಓಣಿಯಂಥ ಮೊಗಸಾಲೆಯಲ್ಲಿ ನಮ್ಮನ್ನು ಕೂರಿಸಿದರು. ಗೋಡೆಯ ತುಂಬ ಗೆದ್ದವರ ಫೋಟೊ. ಎಲ್ಲರೂ ಒಬ್ಬೊಬ್ಬರೇ. ಒಂದರಲ್ಲಿ ಏಣಿ ಇದ್ದಳು, ದೊಡ್ಡ ಕಪ್ಪಿನ ಒಂದು ಹಿಡಿ ಹಿಡಿದುಕೊಂಡು. ಇನ್ನೊಂದು ಹಿಡಿಯನ್ನು ಒಂದು ಕೈ ಹಿಡಿದಿತ್ತು. ಬರೀ ಕೈ, ಮಣಿಕಟ್ಟಿನಿಂದ ಆಚೆಗೆ ಚೌಕಟ್ಟಿನ ಮರ. ನಾನು ಗುಮಾಸ್ತರನ್ನು ಕೇಳಿದೆ.

‘ಇದು ಯಾರ ಕೈಯಪ್ಪ?’

ಅವರು ಹತ್ತಿರ ಬಂದು ನೋಡಿದರು. ‘ಗೊತ್ತಿಲ್ಲಮ್ಮ. ನಾನು ಬಂದಾಗ್ಲಿಂದ ಇದೆ ಅದು.’

‘ಕೈಯ ಹಿಂದೆ ಒಬ್ಬಳು ಹುಡುಗಿಯೂ ಇದ್ದಳಲ್ಲ?’

‘ಫ್ರೇಮು ಚಿಕ್ಕದಿತ್ತು ಅನ್ಸುತ್ತೆ.’

ಪಕ್ಕದಲ್ಲಿ ಕೂತ ಗುಂಡಿ ನನ್ನ ಸೆರಗು ಜಗ್ಗಿದಳು. ‘ದೊಡ್ಡಮ್ಮ, ಸುಮ್ನಿರಿ. ಕೈಯಾದ್ರೂ ಬಂದಿದೆಯಲ್ಲ.’ ಹೀಗೆ ಹೇಳಿ ನಕ್ಕಳು. ಅವಳು ಹಾಗೆ ನಗುವುದನ್ನು ನಾನು ಎಷ್ಟು ಸಲ ಕಂಡಿದ್ದೇನೋ. ನನಗೆ ನಗು ಬರುವುದಿಲ್ಲ.

ನಿಮ್ಮ ಕೋಣೆಯ ಬಾಗಿಲಿನ ಚಿಲಕ ನಿಲ್ಲುವುದಿಲ್ಲ. ಒಕ್ಕೂಟದ ಬಾಗಿಲು, ರಿಪೇರಿ ಯಾಕಾಗಬೇಕು ಹೇಳಿ. ಅರೆ ತೆರೆದ ಬಾಗಿಲಿಂದ ನನಗೆ ಎಲ್ಲ ಕೇಳಿಸಿತು. ಮೇಜಿನ ಆಚೆ ನೀವು ಐದು ಜನ, ಈಚೆ ಅವಳೊಬ್ಬಳು.

‘ನೀವು ಗೆದ್ದ ದೊಡ್ಡ ಪಂದ್ಯ ಯಾವ್ದು?’ ಎಂದು ನೀವು ಕೇಳಿದಿರಿ.

‘ನಾವು ಎರಡು ದೊಡ್ಡ ಫೈನಲ್ ಗೆದ್ದಿದೀವಿ ಸರ್. ಮೊದಲನೇದ್ರಲ್ಲಿ ನಾವು...’

‘ನಾವು ಅಂದ್ರೆ ಯಾರು? ನೀವೊಬ್ರೇ ಕೂತಿದೀರಲ್ಲ ಇಲ್ಲಿ?’

ಉಳಿದ ನಾಲ್ವರು ನಕ್ಕರು. ಒಬ್ಬರ ನಗು ಕೆಮ್ಮಾಗಿ ನೀರು ತರಿಸಬೇಕಾಯಿತು.

‘ನಾನು, ನನ್ನ ಪಾರ್ಟ್ನರು ಸರ್.’

‘ಅವರನ್ನ ಬಿಡ್ರಿ. ಅದ್ರಲ್ಲಿ ನಿಮ್ಮದೇ ಅಂತ ಎಷ್ಟು?’

ಗುಂಡಿ ಯೋಚಿಸಿದಳು. ಸುಳ್ಳು ಹೇಳುವವರು ಯೋಚಿಸುವುದಿಲ್ಲ, ಇವಳು ಯೋಚಿಸಿದಳು. ‘ಹಾಗೆ ಬೇರೆ ಮಾಡಿ ನೋಡಿಲ್ಲ ಸರ್. ಕೊನೇ ಹೊಡೆತ ಯಾರ್ದು ಅಂತ ನೋಡಿದ್ರೆ ಅವಳ್ದೇ ಜಾಸ್ತಿ ಇರುತ್ತೆ. ಆದ್ರೆ ಅದಕ್ಕೂ ಮುಂಚೆ...’

‘ಸರಿ ಸರಿ. ಜಾಸ್ತಿ ಅವರದ್ದೇ ಅಂತಾಯ್ತು,’ ಎಂದು ನೀವು ಬರೆದುಕೊಂಡಿರಿ. ಅದಕ್ಕೂ ಮುಂಚೆ ಏನು ಎಂದು ಕೇಳಲು ನಿಮಗೆ ಪುರುಸೊತ್ತಾಗಲಿಲ್ಲ. ಇಡೀ ಜೋಡಿ ಆಟ ಇರುವುದೇ ಆ ‘ಅದಕ್ಕೂ ಮುಂಚೆ’ಯಲ್ಲಿ. ಡಬಲ್ಸ್ ತರಬೇತಿಗೆ ಜನ ಆರಿಸಲು ಕೂತ ಐವರಲ್ಲಿ ಒಬ್ಬರಿಗೂ ಅದು ಬೇಕಾಗಲಿಲ್ಲ.

ಆಮೇಲೆ ನಡೆದದ್ದು ನಿಮ್ಮ ಪರೀಕ್ಷೆ. ‘ಸ್ವತಂತ್ರ ಸಾಮರ್ಥ್ಯ’ವನ್ನು ನೋಡಬೇಕೆಂದು ನೀವು ಅವಳನ್ನು ಕೇಂದ್ರದ ಒಬ್ಬ ಎಳೆಯ ಹುಡುಗಿಯ ಎದುರು ಸಿಂಗಲ್ಸ್ ಆಡಲು ನಿಲ್ಲಿಸಿದಿರಿ. ನಾನು ತಂತಿಬೇಲಿಯ ಹೊರಗೆ ನಿಂತು ನೋಡುತ್ತಿದ್ದೆ. ಮೊದಲು ಚೆನ್ನಾಗಿಯೇ ನಡೆಯಿತು. ಆಮೇಲೆ ಒಂದು ಚೆಂಡು ಅಂಕಣದ ನಡುವಿನಿಂದ ಸ್ವಲ್ಪ ಬಲಕ್ಕೆ ಬಂತು. ಎತ್ತರದ ಚೆಂಡು, ಏಣಿಗೆ ಹೇಳಿ ಮಾಡಿಸಿದ ಹಾಗೆ. ಗುಂಡಿ ಗಟ್ಟಿಯಾಗಿ ‘ನಿಂದು!’ ಎಂದು ಕೂಗಿ, ಎಡಕ್ಕೆ ಸರಿದು, ಬಲೆಯ ಹತ್ತಿರ ಓಡಿ ನಿಂತಳು.

ಚೆಂಡು ಅವಳ ಹಿಂದೆ ಬಿದ್ದು, ಪುಟಿದು, ಬೇಲಿಗೆ ತಾಗಿ ನಿಂತಿತು.

ಗುಂಡಿ ಬಲಕ್ಕೆ ತಿರುಗಿ ನೋಡಿದಳು. ಅಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದೂ ನೋಡಿದಳು. ಆಗ ನಿಮ್ಮ ಸದಸ್ಯರೊಬ್ಬರು ಕುರ್ಚಿಯಿಂದಲೇ, ‘ಯಾರಿಗೆ ಹೇಳಿದ್ದು ಮೇಡಂ? ನನಗಾ? ನಾನು ಬೂಟು ಹಾಕ್ಕೊಂಡು ಬಂದಿಲ್ಲ’ ಎಂದರು. ಮತ್ತೆ ನಗು. ಆ ಪಂದ್ಯದಲ್ಲಿ ಇನ್ನೂ ಒಂದೆರಡು ಸಲ ಹಾಗೇ ಆಯಿತು. ಒಂದು ಸಲ ಕೂಗು ಬಾಯಿಯವರೆಗೆ ಬಂದದ್ದನ್ನು ಅವಳು ನುಂಗಿಕೊಂಡಳು, ಆದರೆ ಕಾಲು ಆಗಲೇ ಎಡಕ್ಕೆ ಹೋಗಿತ್ತು. ಸೋತಳು.

ನೀವು ಅದನ್ನು ತಪ್ಪು ಎಂದು ಬರೆದುಕೊಂಡಿರಿ. ತಪ್ಪೇ, ನಾನು ಇಲ್ಲ ಎನ್ನುವುದಿಲ್ಲ. ಆದರೆ ಎಂಥ ತಪ್ಪು ಅದು! ತನ್ನ ಪಕ್ಕದಲ್ಲಿ ಒಬ್ಬರು ಇದ್ದೇ ಇರುತ್ತಾರೆ, ಅವರಿಂದ ಅದು ಆಗುತ್ತದೆ ಎಂಬ ನಂಬಿಕೆ ಮೈಯಲ್ಲಿ ಅಷ್ಟು ಆಳಕ್ಕೆ ಇಳಿದವರು ಮಾತ್ರ ಮಾಡಬಲ್ಲ ತಪ್ಪು. ನೀವು ಜನ್ಮದಲ್ಲಿ ಅಂಥ ತಪ್ಪು ಮಾಡಲಾರಿರಿ. ನಿಮಗೆ ‘ನಂದು’ ಎಂಬುದೊಂದೇ ಕೂಗು ಗೊತ್ತು. ಚೆಂಡು ಬಿದ್ದು ಹೋದಾಗ ಮಾತ್ರ ನಿಮ್ಮಂಥವರ ಬಾಯಲ್ಲಿ ‘ನಿಂದು’ ಬರುತ್ತದೆ. ಡಬಲ್ ಗೇಮ್ ಆಡುವುದಕ್ಕೂ ಡಬಲ್ಸ್ ಆಡುವುದಕ್ಕೂ ವ್ಯತ್ಯಾಸ ಇಷ್ಟೇ.

ನೀವೆಲ್ಲ ಎದ್ದು ಟೀ ಕುಡಿಯಲು ಹೋದಿರಿ. ಸೋತವಳು ಗೆದ್ದ ಹುಡುಗಿಯ ಹತ್ತಿರ ಹೋದಳು. ‘ನಿನ್ನ ಸರ್ವು ಚೆನ್ನಾಗಿದೆ ಪುಟ್ಟಾ. ಆದ್ರೆ ಚೆಂಡು ಮೇಲೆ ಎಸೆಯೋಕೆ ಮುಂಚೆನೇ ನಿನ್ನ ಕಣ್ಣು ಹೇಳ್ಬಿಡುತ್ತೆ ಎಲ್ಲಿಗೆ ಹೊಡೀತೀಯ ಅಂತ. ಒಂದ್ಸಲ ನನ್ನ ಮುಖ ನೋಡ್ಕೊಂಡು ಹೊಡಿ ನೋಡೋಣ.’ ಆ ಹುಡುಗಿ ಹೊಡೆದಳು. ಗುಂಡಿಗೆ ಅದು ಸಿಗಲಿಲ್ಲ. ‘ಅಕ್ಕಾ, ಇದನ್ನ ನನಗೆ ಯಾರೂ ಹೇಳಿರ್ಲೇ ಇಲ್ಲ’ ಎಂದು ಹುಡುಗಿ ಬಾಯಿ ತೆರೆದುಕೊಂಡು ನಿಂತಳು. ನಿಮ್ಮ ಪರೀಕ್ಷೆಯಲ್ಲಿ ಪರೀಕ್ಷೆ ಎನ್ನುವಂಥದ್ದು ನಡೆದದ್ದು ಆ ಹೊತ್ತಿನಲ್ಲಿ. ಆಗ ಪರೀಕ್ಷಕರು ಬಿಸ್ಕತ್ತು ಅದ್ದುತ್ತಿದ್ದರು.

ಆಮೇಲೆ ನಿಮ್ಮ ಪತ್ರ ಬಂತು. ‘ಅಭ್ಯರ್ಥಿಯಲ್ಲಿ ಸ್ವತಂತ್ರ ಸಾಮರ್ಥ್ಯದ ಕೊರತೆ ಕಂಡುಬಂದಿರುವುದರಿಂದ ಅವರು ತರಬೇತುದಾರರಾಗಲು ಅನರ್ಹರೆಂದು ನಾವು ತೀರ್ಮಾನಿಸಿದ್ದೇವೆ.’ ನಾವು! ನಾವು ಎಂದರೆ ಯಾರು, ಅಧ್ಯಕ್ಷರೇ? ಕೆಳಗೆ ಸಹಿ ನಿಮ್ಮದೊಂದೇ ಇದೆಯಲ್ಲ? ಆ ತೀರ್ಮಾನದಲ್ಲಿ ನಿಮ್ಮದೇ ಅಂತ ಎಷ್ಟು? ಕೆಮ್ಮಿದವರದು ಎಷ್ಟು? ಬೂಟು ಹಾಕಿಕೊಂಡು ಬಾರದವರದು ಎಷ್ಟು? ಒಬ್ಬೊಬ್ಬರೇ ಬಂದು ಬಿಡಿಸಿ ಹೇಳಬಲ್ಲಿರಾ? ಐದು ಜನ ಒಬ್ಬರ ಭುಜಕ್ಕೊಬ್ಬರು ಒರಗಿ ಕೂತು, ಒಬ್ಬಳಿಗೆ ಒಬ್ಬಳೇ ನಿಲ್ಲಲು ಬರುವುದಿಲ್ಲವೆಂದು ತೀರ್ಪು ಕೊಟ್ಟಿರಿ. ನಿಮ್ಮಲ್ಲಿ ಯಾರಾದರೂ ಒಂದು ತೀರ್ಮಾನವನ್ನು ಒಂಟಿಯಾಗಿ ಮಾಡಿ ಅದಕ್ಕೆ ಒಂಟಿಯಾಗಿ ಬೈಸಿಕೊಂಡದ್ದಿದೆಯೆ? ‘ಸಮಿತಿಯ ನಿರ್ಣಯ’ ಎಂಬ ಕಂಬಳಿಯಡಿ ಎಲ್ಲರೂ ಬೆಚ್ಚಗೆ ಮಲಗುವವರು ನೀವು. ನಿಮ್ಮ ‘ನಾವು’ ಬಚ್ಚಿಟ್ಟುಕೊಳ್ಳಲು, ಅವಳ ‘ನಾವು’ ಹಂಚಿಕೊಳ್ಳಲು. ಎರಡೂ ಒಂದೇ ಪದವಾಗಿರುವುದು ನಮ್ಮ ಭಾಷೆಯ ದುರದೃಷ್ಟ.

ಇಷ್ಟೇ ಆಗಿದ್ದರೆ ಒಂದು ಕೆಲಸ ಹೋಯಿತು ಎಂದುಕೊಂಡು ಸುಮ್ಮನಿರುತ್ತಿದ್ದೆನೇನೋ. ಆದರೆ ಪತ್ರದ ತಳದಲ್ಲಿ ಸಣ್ಣ ಅಕ್ಷರದಲ್ಲಿ, ‘ಪ್ರತಿ: ಒಕ್ಕೂಟದ ಎಲ್ಲ ಕೇಂದ್ರಗಳಿಗೆ’ ಎಂದಿದೆ. ಅಂದರೆ ನೀವು ಒಂದು ಬಾಗಿಲು ಮುಚ್ಚಿ ತೃಪ್ತರಾಗದೆ ಬೀದಿಯ ಎಲ್ಲ ಮನೆಗಳಿಗೂ ಹೋಗಿ ಬೀಗ ಹಾಕಿ ಬಂದಿರಿ. ‘ನೀವು ಬಂದ್ರೆ ನಮ್ಮ ಭಾಗ್ಯ’ ಎನ್ನುತ್ತಿದ್ದ ಒಂದು ಕೇಂದ್ರದವರು ಈಗ ‘ಸ್ವಲ್ಪ ತಡೀರಿ ಮೇಡಂ, ಮೇಲಿನವರನ್ನ ಕೇಳಿ ಹೇಳ್ತೀವಿ’ ಎನ್ನುತ್ತಾರೆ. ಆಟದ ವಯಸ್ಸು ಮುಗಿದಿದೆ. ಅವಳಿಗೆ ಗೊತ್ತಿರುವುದು ಇದೊಂದು, ಮಾಡಬೇಕೆಂದಿರುವುದೂ ಇದೊಂದೇ. ‘ಅನರ್ಹ’ ಎಂಬ ನಿಮ್ಮ ಆ ಒಂದು ಸಾಲು ಇರುವವರೆಗೆ ಯಾವ ಅಂಕಣದಲ್ಲೂ ಯಾವ ಮಗುವಿಗೂ ಅವಳು ಏನೂ ಕಲಿಸುವ ಹಾಗಿಲ್ಲ.

ಹಾಗೆಂದು ನೀವು ಬರೆದಿದ್ದೀರಿ, ಆದರೆ ಕಲಿಸುವುದು ನಿಂತಿಲ್ಲ. ಹೋದ ವಾರ ನಾನು ಅವಳ ಮನೆಯಲ್ಲಿದ್ದಾಗ ಫೋನು ಬಂತು. ನೀವು ನೇಮಿಸಿದ ಚಾಂಪಿಯನ್ನಳದು. ಗುಂಡಿ ಫೋನನ್ನು ಮೇಜಿನ ಮೇಲಿಟ್ಟು ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು, ಹಾಗಾಗಿ ನನಗೂ ಕೇಳಿಸಿತು.

‘ಅಕ್ಕಾ, ಬೇಜಾರಿಲ್ವಾ? ಒಂದು ಮಾತು ಕೇಳ್ಲಾ? ಮಕ್ಕಳನ್ನ ಜೋಡಿ ಮಾಡಿ ನಿಲ್ಲಿಸ್ತೀನಿ, ಇಬ್ಬರೂ ಒಂದೇ ಚೆಂಡಿಗೆ ಓಡಿ ಢಿಕ್ಕಿ ಹೊಡೀತಾರೆ. ಇಲ್ಲಾಂದ್ರೆ ಇಬ್ಬರೂ ನಿಂತು ನೋಡ್ತಾರೆ. ಮೊದಲು ಏನು ಹೇಳ್ಕೊಡ್ಲಿ?’

ಗುಂಡಿ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟಳು. ‘ಬ್ಯಾಟು ಕೊಡ್ಬೇಡ ಈಗ್ಲೇ. ಬರೀ ಕೈಲಿ ನಿಲ್ಲಿಸು. ನಡುವೆ ಒಂದು ಹಗ್ಗ, ಒಬ್ಬೊಬ್ಬರ ಕೈಗೆ ಒಂದೊಂದು ತುದಿ. ನೀನು ಚೆಂಡು ಉರುಳಿಸು. ಹಗ್ಗ ಸಡಿಲ ಆಗ್ಬಾರ್ದು, ಎಳೀಲೂ ಬಾರ್ದು. ಒಂದು ವಾರ ಅಷ್ಟೇ ಮಾಡ್ಸು, ಆಮೇಲೆ ಫೋನ್ ಮಾಡು.’

‘ಅಕ್ಕಾ, ಈ ಕುರ್ಚೀಲಿ ನೀವಿರ್ಬೇಕಿತ್ತು. ಅವರಿಗೂ ಅದನ್ನೇ ಹೇಳಿದೆ. ಆರ್ಡರ್ ಆಗಿಬಿಟ್ಟಿದೆ ಅಂದ್ರು.’

ಫೋನು ಇಟ್ಟ ಮೇಲೆ ನಾನು ಸುಮ್ಮನಿರಲಾರದೆ ಅವಳ ಮೇಲೆ ಹರಿಹಾಯ್ದೆ. ‘ನಿನಗೇನು ತಲೆ ಕೆಟ್ಟಿದೆಯಾ? ನಿನ್ನ ಕೆಲಸಾನ ಅವಳಿಗೆ ಕೊಟ್ಟಿದ್ದಾರೆ, ನೀನು ಅವಳಿಗೆ ಪಾಠ ಹೇಳ್ತಿದೀಯ!’

‘ಅವಳು ಕೇಳಿದ್ಲಲ್ಲ ದೊಡ್ಡಮ್ಮ.’

‘ಕೇಳಿದ್ರೆ? ಗೊತ್ತಿಲ್ಲ ಅನ್ನು!’

‘ಗೊತ್ತಿದ್ಯಲ್ಲ,’ ಎಂದಳು. ‘ಮಕ್ಕಳು ಢಿಕ್ಕಿ ಹೊಡ್ಕೊತಿದಾವೆ ಅಂತ ಹೇಳ್ತಿದಾಳೆ, ನಾನು ಕೋಪ ಮಾಡ್ಕೊಂಡು ಕೂತಿರ್ಲಾ?’ ಮತ್ತೆ ಇಸ್ತ್ರಿಗೆ ತಿರುಗಿದಳು. ಒಂದು ಅಂಗಿ ಮಡಿಸಿಟ್ಟು, ಬೆನ್ನು ಮಾಡಿಕೊಂಡೇ, ‘ಆ ಹಗ್ಗ ನಾನೇ ಮಕ್ಕಳ ಕೈಗೆ ಕೊಡ್ಬೇಕು ಅಂತ ತುಂಬ ಆಸೆ ಇತ್ತು ದೊಡ್ಡಮ್ಮ’ ಎಂದಳು. ಅದಕ್ಕಾಗಿಯೇ ಮನೆಗೆ ಬಂದು ಈ ಕಾಗದ ಶುರು ಮಾಡಿದೆ. ಅವಳು ಎಂದೂ ಬರೆಯುವವಳಲ್ಲ. ‘ಬಿಡಿ ದೊಡ್ಡಮ್ಮ, ಹೋಗ್ಲಿ’ ಎನ್ನುವವಳು. ನಿಮ್ಮಂಥವರು ಕುರ್ಚಿಯಲ್ಲಿ ಇಷ್ಟು ವರ್ಷ ಸುಖವಾಗಿರುವುದೇ ‘ಹೋಗಲಿ’ ಎನ್ನುವ ಇಂಥವರಿಂದ.

ಈಗ ನಾನು ಕೇಳುವುದನ್ನು ಕೇಳುತ್ತೇನೆ. ಚಾಂಪಿಯನ್ನಳನ್ನು ಇಳಿಸಿ ಎನ್ನುವುದಿಲ್ಲ, ಅವಳು ಇಳಿಯಲು ತಾನೇ ಸಿದ್ಧಳಿದ್ದಾಳೆ. ಗುಂಡಿಗೆ ಕರುಣೆ ತೋರಿಸಿ ಎಂದೂ ಕೇಳುವುದಿಲ್ಲ. ನಿಮ್ಮ ಕರುಣೆ ತುಂಬ ದುಬಾರಿಯದೆಂದು ಕೇಳಿದ್ದೇನೆ. ‘ಅನರ್ಹ’ ಎಂಬ ಆ ಸಾಲನ್ನು ಎಲ್ಲ ಕೇಂದ್ರಗಳ ಪತ್ರದಿಂದಲೂ ವಾಪಸ್ಸು ಪಡೆಯಿರಿ, ಹೊಸ ಮಕ್ಕಳು ಬಂದು ಸೇರುವುದರೊಳಗೆ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ. ಈ ಸಲ ಜೋಡಿ ಆಟದ ಪರೀಕ್ಷೆ. ಎದುರಿಗೆ ಕೇಂದ್ರದ ಯಾವ ಜೋಡಿಯನ್ನು ಬೇಕಾದರೂ ನಿಲ್ಲಿಸಿ. ಗುಂಡಿಯ ಪಕ್ಕದಲ್ಲಿ ನೀವು ನಿಲ್ಲಿ.

ಹೌದು, ನೀವೇ. ಹೊಟ್ಟೆಯ ಚಿಂತೆ ಮಾಡಬೇಡಿ, ಅಂಕಣದ ಅರ್ಧದಲ್ಲಿ ಅದಕ್ಕೂ ಜಾಗವಿದೆ. ಬೂಟು ಮಾತ್ರ ಹಾಕಿಕೊಂಡು ಬನ್ನಿ. ನಿಮಗೆ ಯಾವ ಚೆಂಡು ಕಂಡರೆ ಭಯ ಎಂಬುದು ಅವಳಿಗೆ ಬೇಗ ಗೊತ್ತಾಗುತ್ತದೆ, ಅದು ನಿಮ್ಮತ್ತ ಬರದ ಹಾಗೆ ನೋಡಿಕೊಳ್ಳುತ್ತಾಳೆ. ಆದರೂ ನೀವು ತಪ್ಪುತ್ತೀರಿ. ಸುಲಭದ ಚೆಂಡನ್ನು ಬಲೆಗೆ ಹೊಡೆಯುತ್ತೀರಿ, ಎಲ್ಲರೆದುರು, ನಿಮ್ಮ ನಾಲ್ವರು ಸದಸ್ಯರು ಕುರ್ಚಿಯಲ್ಲಿ ಕೂತು ನೋಡುತ್ತಿರುವಾಗ. ಆಗ ಅವಳು ನಿಮ್ಮ ಹತ್ತಿರ ಬಂದು, ತನ್ನ ಬ್ಯಾಟಿನಿಂದ ನಿಮ್ಮ ಬ್ಯಾಟನ್ನು ಮೆಲ್ಲಗೆ ತಟ್ಟಿ, ‘ಪರವಾಗಿಲ್ಲ ಸರ್, ಮುಂದಿನದು ನೋಡೋಣ’ ಎನ್ನುತ್ತಾಳೆ. ಅಣಕಿಸಿ ಅಲ್ಲ, ನಿಜವಾಗಿ. ಆ ಕ್ಷಣದಲ್ಲಿ ನಿಮ್ಮ ಮುಖ ಹೇಗಾಗುತ್ತದೆ ಎಂದು ಆ ನಾಲ್ವರು ನೋಡಿ ಅವಳಿಗೆ ಅಂಕ ಕೊಡಲಿ. ಬೇರೆ ಪರೀಕ್ಷೆ ಬೇಡ.

ಇಂತಿ,
ಇದಕ್ಕೆ ಉತ್ತರ ಬರುವುದಿಲ್ಲವೆಂದು ಚೆನ್ನಾಗಿ ಗೊತ್ತಿದ್ದೂ ಇಷ್ಟುದ್ದ ಬರೆದು ಕಣ್ಣು ನೋಯಿಸಿಕೊಂಡ ಪೆದ್ದಿ,
ಅವಳ ದೊಡ್ಡಮ್ಮ